ಕೆಂಚನ ಕಿವಿಯ ಊಬು

ಗೌರಾ, ಮಲ್ಲೇಶಿ, ನಿನ್ನೆ ನೀವಿಬ್ಬರೂ ಹಿತ್ತಲಿಂದ ಓಡಿಬಂದು ನನ್ನ ಮಡಿಲಿಗೆ ಬಿದ್ದಾಗ ನಿಮ್ಮ ಬಟ್ಟೆಗೆಲ್ಲ ಊಬು ಚುಚ್ಚಿಕೊಂಡಿತ್ತು. ಹುಲ್ಲು ಒಣಗಿದ ಮೇಲೆ ಈ ಬೀಜಕ್ಕೆ ಸೂಜಿಯಂಥ ಮೂತಿ, ಹಿಂದೆ ಉದ್ದನೆಯ ಬಾಲ. ಒಳಕ್ಕೆ ಹೋಗಲು ಬಲ್ಲದು, ಹಿಂದಕ್ಕೆ ಬರಲು ಅರಿಯದು. ಒಂದೊಂದಾಗಿ ಕೀಳುತ್ತಿದ್ದಾಗ ಗೌರಾ, "ಅಜ್ಜಿ, ಯಾಕೆ ನಗ್ತೀಯ?" ಅಂದಳು. ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಬರೆದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡಿ. ನಮ್ಮೂರ ಅಯ್ಯನವರ ಜಗಲಿಯಲ್ಲಿ ಮರಳಿನ ಮೇಲೆ ತಿದ್ದಿ ಕಲಿತದ್ದು.

ನಾನು ಹುಟ್ಟಿದ್ದು ಆದಿವಾಲದ ಕಡೆ, ಕುರಿ ಸಾಕುವವರ ಮನೆಯಲ್ಲಿ. ರಾಮಗಿರಿಯ ಹತ್ತಿರದ ಈ ಊರಿಗೆ ಬಂದಾಗ ಇನ್ನೂ ಹುಡುಗಿ. ಆಗೆಲ್ಲ ಸೊಸೆಯಾದವಳು ಮಾವನ ಎದುರು ನಿಲ್ಲಬಾರದು, ಮಾತಂತೂ ಆಡಲೇಬಾರದು. ನನಗೆ ಅದೇನೂ ಕಷ್ಟವಾಗಲಿಲ್ಲ, ಮೊದಲೇ ಮಾತಿಲ್ಲದವಳು. ಮಾವನವರ ಮೆಟ್ಟಿನ ಸಪ್ಪಳ ಕೇಳಿದರೆ ಸಾಕು, ಮರೆಗೆ ಸರಿಯುತ್ತಿದ್ದೆ. ಒಂದು ಸಲ ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ಅಡಗಲು ಹೋಗಿ, ಸೆರಗು ಸಿಕ್ಕಿಕೊಂಡು, ಅವರು ಉಂಡು ಕೈ ತೊಳೆಯುವ ತನಕ ಅಲ್ಲೇ ನಿಂತಿದ್ದೆ. ಸೀನು ಬೇರೆ ಬರುತ್ತಿತ್ತು.

ಹೊಸ ಮನೆಯಲ್ಲಿ ನಾನು ಮನಸಾರೆ ಮಾತಾಡುತ್ತಿದ್ದುದು ಕೆಂಚನ ಹತ್ತಿರ. ಕುರಿ ಹಟ್ಟಿ ಕಾಯುವ ನಾಯಿ. ತೋಳದ ಜೊತೆ ಬಡಿದಾಡಿ ಕುತ್ತಿಗೆಯಲ್ಲಿ ಗಾಯದ ಗುರುತಿತ್ತು. ಮುದ್ದೆ ಹಾಕುವಾಗ ನನ್ನ ತವರಿನ ಸುದ್ದಿಯನ್ನೆಲ್ಲ ತಾಳ್ಮೆಯಿಂದ ಕೇಳುತ್ತಿತ್ತು.

ನಮ್ಮ ಮನೆಯಲ್ಲೊಂದು ಪದ್ಧತಿ. ಹಿತ್ತಲ ಹುಲ್ಲನ್ನು ದೀಪಾವಳಿ ತನಕ ಯಾರೂ ಮುಟ್ಟುವಂತಿಲ್ಲ. ಹಬ್ಬದ ದಿನ ಹಸುಗಳಿಗೆ ಪೂಜೆ ಮಾಡಿ, ಮೊದಲ ಹಿಡಿ ಅವಕ್ಕೆ ತಿನ್ನಿಸಿದ ಮೇಲೆಯೇ ಕುಯ್ಲು. ಅಷ್ಟು ಹೊತ್ತಿಗೆ ಹುಲ್ಲು ಬಲಿತು ಊಬು ಉದುರುತ್ತಿರುತ್ತದೆ. ಆ ವರ್ಷ ಹಬ್ಬಕ್ಕೆ ಇನ್ನೂ ನಾಲ್ಕು ದಿನವಿರುವಾಗ ಕೆಂಚ ತಲೆ ಕೊಡವಿಕೊಳ್ಳಲು ಶುರುಮಾಡಿತು. ಜೊಲ್ಲು ಸುರಿಸಿತು. ಹತ್ತಿರ ಹೋದವರಿಗೆಲ್ಲ ಹಲ್ಲು ತೋರಿಸಿತು.

ಪಕ್ಕದ ಮನೆಯ ಓಬಣ್ಣ ಬೇಲಿಯಾಚೆಯಿಂದಲೇ ಕೂಗಿದ. "ಹುಚ್ಚು ಹಿಡಿದೈತೆ ಕಣಯ್ಯಾ! ಮಕ್ಕಳು ಮರಿ ತಿರುಗಾಡೋ ಜಾಗ. ಈಗ್ಲೇ ಮುಗಿಸಿಬಿಡು!"

ಮಾವನವರು ಬಡಿಗೆ ಹಿಡಿದು ಅಂಗಳಕ್ಕೆ ಬಂದರು. ಮರಿಯಿಂದ ಸಾಕಿದ ಕೈ, ಮೇಲಕ್ಕೆ ಏಳುತ್ತಿಲ್ಲ. ನಾನು ಅಡುಗೆಮನೆಯ ಬಾಗಿಲಿಂದ ನೋಡುತ್ತಿದ್ದೆ. ಕೆಂಚ ತಲೆಯನ್ನು ಬಲಕ್ಕೆ ವಾಲಿಸಿಕೊಂಡು, ಕಿವಿ ಕೆರೆದುಕೊಂಡು, ಬಾನಿಯ ಹತ್ತಿರ ಹೋಗಿ ಲೊಚಲೊಚ ನೀರು ಕುಡಿಯಿತು. ನಮ್ಮಪ್ಪನ ಹಟ್ಟಿಯಲ್ಲಿ ಇದೇ ಥರ ಎರಡು ನಾಯಿಗಳನ್ನು ಕಂಡಿದ್ದೆ. ಹೇಳಿಕಳಿಸೋಣವೆಂದರೆ ಅತ್ತೆ ಹೊಲದಲ್ಲಿ, ನಿಮ್ಮ ತಾತ ಕುರಿಗಳ ಹಿಂದೆ.

ಬಡಿಗೆ ಮೇಲೆದ್ದಿತು. ನಾನು ಹೊರಗೆ ಬಂದುಬಿಟ್ಟೆ. ಆದರೆ ಮಾವನವರ ಜೊತೆ ಮಾತಾಡುವುದು ಹೇಗೆ? ಸೆರಗು ಮುಂದಕ್ಕೆ ಎಳೆದುಕೊಂಡು ನಾಯಿಗೇ ಹೇಳಿದೆ.

"ಲೇ ಕೆಂಚ, ನಿನಗೆ ಹುಚ್ಚಲ್ಲ. ಹುಚ್ಚು ಹಿಡಿದಿದ್ರೆ ಹಿಂಗೆ ನೀರು ಕುಡೀತಿದ್ದೇನು? ಬಲಗಿವಿಯಾಗೆ ಊಬು ಹೊಕ್ಕೈತೆ ಅಂತ ಹೇಳಬಾರದೇನೋ?"

"ಅಯ್ಯಯ್ಯೋ, ಸೊಸೆಗೂ ಹಿಡೀತಲ್ಲಪ್ಪ!" ಅಂದ ಓಬಣ್ಣ.

ಮಾವನವರು ಬಡಿಗೆ ಕೆಳಗಿಳಿಸಿದರು. ಆಮೇಲೆ ಅವರೂ ನಾಯಿಯ ಕಡೆ ತಿರುಗಿ, "ಕೆಂಚ, ನಿನ್ನ ವಕೀಲರನ್ನ ಕೇಳು, ಇದಕ್ಕೇನು ಮಾಡಬೇಕಂತೆ?" ಅಂದರು.

"ಬಾಯಿ ಕಟ್ಟಿ ಕಂಬಳಿ ಸುತ್ತಬೇಕಂತೆ. ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟು, ಮುಳ್ಳು ತೆಗಿಯೋ ಚಿಮಟ ಹಾಕಬೇಕಂತೆ."

"ಹಾಕೋರ್ಯಾರಂತೆ?"

ನಾನು ಒಳಗೆ ಹೋಗಿ ಚಿಮಟ ತಂದೆ.

ಮಾವನವರು ಕೆಂಚನ ಬಾಯಿ ಕಟ್ಟಿ, ಕಂಬಳಿ ಸುತ್ತಿ, ತೊಡೆಗಳ ನಡುವೆ ಒತ್ತಿ ಹಿಡಿದರು. ನನ್ನ ಮಾತು ಸುಳ್ಳಾಗಿ ಅದಕ್ಕೆ ಹುಚ್ಚೇ ಹಿಡಿದಿದ್ದರೆ ನಮ್ಮಿಬ್ಬರ ಜೀವಕ್ಕೂ ಸಂಚಕಾರ. ಅವರು ಅದನ್ನು ಬಲ್ಲರು. ಮೊದಲ ಸಲ ಬರೀ ಬಾಲ ಮುರಿದು ಬಂತು. ಎರಡನೆಯ ಸಲ ಕೀವಿನ ಜೊತೆ ಊಬು ಬಂತು. ಕೆಂಚ ಒಮ್ಮೆ ಕುಂಯ್ ಎಂದು, ಬಿಚ್ಚಿದ ಮೇಲೆ ಅಲ್ಲೇ ಕಾಲು ಚಾಚಿ ಮಲಗಿಬಿಟ್ಟಿತು.

ಮಾವನವರು ಆ ಊಬನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. "ತಾಯಿ, ನೀನು ಹೇಳದೆ ಹೋಗಿದ್ರೆ ಇವನನ್ನ ಕೈಯಾರೆ ಕೊಲ್ತಿದ್ದೆ" ಅಂದರು. ನೇರವಾಗಿ ನನಗೆ ಅವರಾಡಿದ ಮೊದಲ ಮಾತು ಅದು.

ಮರುವರ್ಷ ಹುಲ್ಲು ಹಸಿರಿರುವಾಗಲೇ ಕುಡುಗೋಲು ಹಿಡಿದರು. ಹಬ್ಬಕ್ಕೆಂದು ಮೂಲೆಯಲ್ಲಿ ಒಂದು ಹಿಡಿ ಬಿಟ್ಟು, ಸುತ್ತ ಮುಳ್ಳು ಹಾಕಿದರು. "ಸೊಸೆ ಮಾತಿಗೆ ಹಿರೀಕರ ಪದ್ಧತಿ ಮುರಿದ್ಯಲ್ಲೋ" ಎಂದು ಓಬಣ್ಣ ಚುಚ್ಚಿದ. "ಹಸುಗಳೇನೂ ಬ್ಯಾಡ ಅನ್ನಲಿಲ್ಲ ಬಿಡು" ಅಂದರು ಮಾವನವರು. ಅಲ್ಲಿಂದಾಚೆ ಕುರಿಗೆ ಕೆಮ್ಮು ಬಂದರೂ ಅಡುಗೆಮನೆಯ ಬಾಗಿಲಿಗೆ ಬಂದು, "ನಿಮ್ಮ ಕಡೆ ಇದಕ್ಕೇನು ಮಾಡ್ತಾರವ್ವಾ?" ಅನ್ನುತ್ತಿದ್ದರು. ಗೊತ್ತಿಲ್ಲದ್ದಕ್ಕೂ ಏನಾದರೂ ಹೇಳುತ್ತಿದ್ದೆ. ಕೇಳುವವರಿದ್ದಾರಲ್ಲ ಎಂಬ ಸಂತೋಷ. ಆ ಋಣ ದೊಡ್ಡದು ಮಕ್ಕಳೇ.

ಈಗ ನನಗೆ ವಯಸ್ಸಾಗಿ, ಈ ವರ್ಷ ಹುಲ್ಲಿನ ನೆನಪೇ ಹಾರಿಹೋಗಿತ್ತು. ಇವತ್ತು ಬೆಳಿಗ್ಗೆ ನಿಮ್ಮಪ್ಪನಿಗೆ ಹೇಳಿ ಕುಯ್ಯಿಸಿದೆ. ನೀವು ದಿನಾ ಸಂಜೆ ನಮ್ಮ ಈಗಿನ ನಾಯಿಯ ಕಿವಿ, ಕಾಲ್ಬೆರಳ ಸಂದು, ಕಂಕುಳು ತಡವಿ ನೋಡಿ.

ಗೌರಾ, ಈ ಹಾಳೆಗಳು ನಿನ್ನ ಪೆಟ್ಟಿಗೆಯಲ್ಲಿ ಬಟ್ಟೆಯ ಅಡಿಯಲ್ಲಿರಲಿ. ಮಲ್ಲೇಶಿಯ ಕೈಗೆ ಸಿಕ್ಕರೆ ಗಾಳಿಪಟವಾಗುತ್ತವೆ. ಅವನಿಗೆ ಹೆಂಡತಿ ಬಂದ ದಿನ ತೆಗೆದು ಅವಳಿಗೆ ಕೊಡು. ಆ ಹುಡುಗಿ ಈ ಮನೆಯಲ್ಲಿ ನಾಯಿಯ ನೆಪ ಹುಡುಕದೆ ಮಾತಾಡಲಿ.