ಲೂಡಿಯ ಅಡುಗೆಮನೆಯ ಗುಟ್ಟು

ಬಾಗಿಲು ತಟ್ಟಿದ ಸದ್ದಾದರೆ ಸಾಕು, ಲೂಡಿ ಕಾಡಿಲ್‌ಳ ಮನೆಯಲ್ಲಿ ಒಂದು ನಾಟಕ ಶುರುವಾಗುತ್ತಿತ್ತು. ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯುತ್ತಿದ್ದ ಗಂಡ ಹೋಬರ್ಟ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ದಡಬಡನೆ ಹಜಾರಕ್ಕೆ ಹೋಗಿ ಪೇಪರು ಹಿಡಿದು ಕೂರುತ್ತಿದ್ದ. ಲೂಡಿ ಮಂಚದಿಂದ ಎದ್ದು, ಗೋಡೆ ಹಿಡಿದು, ಹಲ್ಲು ಕಚ್ಚಿಕೊಂಡು ಅಡುಗೆಮನೆಗೆ ಬಂದು ಸಿಂಕಿಗೆ ಒರಗಿ ನಿಲ್ಲುತ್ತಿದ್ದಳು. ಅವಳು ನಿಂತಳೆಂದು ಖಾತ್ರಿಯಾದ ಮೇಲೆಯೇ ಅವನು "ಬನ್ನಿ, ಬಾಗಿಲು ತೆಗೆದೇ ಇದೆ" ಎಂದು ಕೂಗುತ್ತಿದ್ದ. ಬಂದವರು ಹರಟೆ ಹೊಡೆದು ಹೊರಡುವ ತನಕ ಅವಳು ಒಂದೇ ತಟ್ಟೆಯನ್ನು ಒರೆಸುತ್ತಾ ನಿಂತಿರಬೇಕು. ಅವರ ಗಾಡಿ ತಿರುವು ದಾಟಿತೋ ಇಲ್ಲವೋ, ಹೋಬರ್ಟ್ ಓಡಿಬಂದು ಅವಳನ್ನು ಎತ್ತಿಕೊಂಡು ಹೋಗಿ ಮಲಗಿಸುತ್ತಿದ್ದ.

ಪೂರ್ವ ಕೆಂಟಕಿಯ ನಮ್ಮ ಈ ಕಣಿವೆಯಲ್ಲಿ ಲೂಡಿಯಷ್ಟು ದುಡಿದ ಹೆಂಗಸು ಯಾರಿದ್ದಾರೆ ಹೇಳಿ! ಪೇಟೆಯ ವೃದ್ಧರ ಆರೈಕೆ ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಎತ್ತುವುದು, ಹೊರಳಿಸುವುದು, ಮೀಯಿಸುವುದು ಅವಳ ಕೆಲಸ. ತನ್ನ ಎರಡರಷ್ಟು ತೂಕದ ಗಂಡಸರನ್ನು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸುತ್ತಿದ್ದಳು. ಒಂದು ದಿನ ಹಾಗೆ ಎತ್ತುವಾಗ ಸೊಂಟದಲ್ಲಿ ಏನೋ ಚಟ್ಟೆಂದಿತು. ಡಾಕ್ಟರು ಕೊಯ್ದರು, ಬೆನ್ನುಮೂಳೆಗೆ ಸ್ಕ್ರೂ ಹಾಕಿದರು. ಆಮೇಲೆ ಬಗ್ಗುವುದು ಹೋಯಿತು, ಸ್ವಲ್ಪ ಹೊತ್ತು ನೆಟ್ಟಗೆ ಕೂರುವುದೂ ಹೋಯಿತು. ತಲೆಗೆ ನೀರು ಹಾಕಿಕೊಳ್ಳಲು ಕೈ ಎತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು.

ಅಂದಿನಿಂದ ಅಡುಗೆ, ಬಟ್ಟೆ, ಗುಡಿಸುವುದು, ಅವಳ ತಲೆ ತೊಳೆದು ಬಾಚುವುದು, ಕಾಲುಚೀಲ ಹಾಕುವುದು ಎಲ್ಲ ಹೋಬರ್ಟನದು. ಮಾಡುವುದರಲ್ಲಿ ಅವನಿಗೆ ಬೇಸರವಿರಲಿಲ್ಲ. ಯಾರಿಗಾದರೂ ಗೊತ್ತಾದರೆ ಎಂಬುದೊಂದೇ ಭಯ. ಭಯಕ್ಕೆ ಕಾರಣವೂ ಇತ್ತು. ಹಿಂದೊಮ್ಮೆ ಆರ್ವಿಲ್ ಎಂಬ ಮುದುಕ ಹೆಂಡತಿಯ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದನ್ನು ಯಾರೋ ಕಿಟಕಿಯಿಂದ ನೋಡಿದರು. ಮರುದಿನವೇ ಊರ ಗಂಡಸರು ಹರಟೆ ಹೊಡೆಯುವ ದನದ ಮೇವಿನ ಅಂಗಡಿಯ ಬೆಂಚಿನ ಮೇಲೆ ಅವನು 'ಮಿಸೆಸ್ ಆರ್ವಿಲ್' ಆಗಿಹೋದ. ಸಾಯುವ ತನಕ ಆ ಹೆಸರು ಬಿಡಲಿಲ್ಲ. ಅದನ್ನು ಇಟ್ಟವನು ಬೇರೆ ಯಾರೂ ಅಲ್ಲ, ಹೋಬರ್ಟನೇ. ಈಗ ಅವನು ನಮ್ಮ ಚರ್ಚಿನಲ್ಲಿ ಹಾಡು ಎತ್ತಿಕೊಡುವವನು. ಅವನು ಒಂದು ಸಾಲು ಹೇಳಿಕೊಟ್ಟರೆ ಇಡೀ ಸಭೆ ಹಿಂದೆ ಹಾಡುತ್ತದೆ. ಅಂಥವನ ಹೆಸರು ಬೆಂಚಿನ ಮೇಲೆ ಹಾಗೆ ಓಡಾಡುವುದನ್ನು ಲೂಡಿ ನೆನೆಸಿಕೊಳ್ಳಲಾರಳು.

ಮೈಯಲ್ಲಿ ಶಕ್ತಿ ಇಲ್ಲದೆ ಕೆಲಸ ಬಿಟ್ಟವರಿಗೆ ಸರ್ಕಾರದ ಮಾಸಾಶನ ಉಂಟಲ್ಲ, ಅದಕ್ಕೆ ಲೂಡಿ ಅರ್ಜಿ ಹಾಕಿದ್ದಳು. ದುಡಿಯುವಾಗ ಸಂಬಳದಿಂದ ಹಿಡಿದುಕೊಂಡದ್ದೇ ತಾನೇ, ಭಿಕ್ಷೆಯೇನಲ್ಲ. ಎರಡು ಸಲ ಇಲ್ಲವೆಂದರು. ಇನ್ನು ಉಳಿದದ್ದು ಜಡ್ಜ್ ಮುಂದಿನ ವಿಚಾರಣೆ. ಅದು ಗೆದ್ದರೆ ಹೋಬರ್ಟ್ ಮನೆಯಲ್ಲೇ ಇದ್ದು ಅಲ್ಲಿ ಇಲ್ಲಿ ಕೂಲಿ ಮಾಡಿಕೊಂಡು ಅವಳನ್ನು ನೋಡಿಕೊಳ್ಳಬಹುದು. ಸೋತರೆ ಓಹಾಯೊಗೆ ಹೋಗಬೇಕು. ಇಲ್ಲಿಯ ಗಣಿ ಮುಚ್ಚಿ ವರ್ಷಗಳಾಗಿದ್ದವು, ಕೂಡಿಟ್ಟದ್ದು ತಳ ಕಂಡಿತ್ತು. ಓಹಾಯೊದ ಗೋದಾಮಿನಲ್ಲಿ ಅವನ ಚಿಕ್ಕಪ್ಪನ ಮಗ ಕೆಲಸ ಹಿಡಿದಿಟ್ಟಿದ್ದ. ಹೋದರೆ ತಿಂಗಳಿಗೊಮ್ಮೆ ಬಂದಾನು.

"ವಕೀಲರನ್ನ ಹಿಡೀರಿ ಅಂತ ಬಾಯಿ ಬಡ್ಕೊಂಡೆ ನಾನು," ಎಂದಳು ಡೆಲ್ಫಿ. ಅವಳು ಹೋಬರ್ಟನ ಅಕ್ಕ, ಬಾಯಿ ಜೋರು. "ಎರಡು ಸಲ ಬರಿಗೈಲಿ ಹೋದ್ರಿ, ಎರಡು ಸಲಾನೂ ಒದ್ದು ಕಳಿಸಿದ್ರು. ಗೆದ್ರೆ ಮಾತ್ರ ದುಡ್ಡು ತಗೋತಾರಂತೆ ಕಣೇ. ಸೋತ್ರೆ ಕಾಸಿಲ್ಲ. ನಿಂಗೇನು ಹೋಗೋದು?"

"ನೋಡೋಣ ಬಿಡಿ," ಎಂದಳು ಲೂಡಿ, ಸಿಂಕಿಗೆ ಒರಗಿ ಅದೇ ತಟ್ಟೆ ಒರೆಸುತ್ತಾ.

"ನೋಡೋಕೇನಿದೆ? ಗಂಡ ಓಹಾಯೊಗೆ ಹೋದ್ಮೇಲೆ ನೋಡ್ತೀಯಾ?"

ಆ ಮಾತು ನಾಟಿತು. ಗಂಡ ಹೆಂಡತಿ ಇಬ್ಬರೂ ಪೇಟೆಗೆ ಹೋದರು. ವಕೀಲೆಯ ಹೆಸರು ರೆನಾ ಟ್ಯಾಕೆಟ್. ಇನ್ನೂ ಹುಡುಗಿ, ಆದರೆ ಪಕ್ಕದ ಕಣಿವೆಯವಳೇ, ನಮ್ಮ ಮಾತು ನಮ್ಮ ರೀತಿ ಬಲ್ಲವಳು. ಲೂಡಿ ಇಸ್ತ್ರಿ ಮಾಡಿದ ಗೌನು ಹಾಕಿದ್ದಳು. ಇಸ್ತ್ರಿ ಮಾಡಿದವನು ಯಾರೆಂದು ಹೇಳಬೇಕಾಗಿಲ್ಲ.

"ಬೆಳಗ್ಗೆ ಎದ್ದು ರಾತ್ರಿ ಮಲಗೋವರೆಗೂ ಏನೇನು ಮಾಡ್ತೀರಿ, ಹೇಳ್ತಾ ಹೋಗಿ," ಎಂದಳು ರೆನಾ.

"ಎಲ್ಲರ ಥರಾನೇ ಕಣಮ್ಮ. ಅಡುಗೆ, ಪಾತ್ರೆ, ಬಟ್ಟೆ."

ರೆನಾ ಪೆನ್ನು ಕೆಳಗಿಟ್ಟಳು. "ಮಿಸೆಸ್ ಕಾಡಿಲ್, ಮೆಟ್ಟಿಲು ಹತ್ತಿ ಬಂದಾಗಿಂದ ನೀವು ಕುರ್ಚಿ ಮೇಲೆ ಒಂದು ಕಡೆಗೆ ವಾಲ್ಕೊಂಡು ಕೂತಿದೀರಿ. ಹಣೆ ಮೇಲೆ ಬೆವರು. ನೀವು ಬಟ್ಟೆ ಒಗೀತೀರಾ? ಆ ಕೆಲಸ ಎಲ್ಲ ಮಾಡೋರು ಯಾರು?"

ಹೋಬರ್ಟ್ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದಿದೆ ಎನ್ನುವಂತೆ ನೋಡುತ್ತಿದ್ದ. ಅವನ ಕಿವಿಗಳು ಕೆಂಪಗಾಗಿದ್ದವು. ರೆನಾ ಇಬ್ಬರನ್ನೂ ನೋಡಿದಳು, ಅವಳಿಗೆ ಅರ್ಥವಾಯಿತು.

"ಜಡ್ಜ್‌ಗೆ ಬೇಕಾಗಿರೋದೇ ಅದು," ಎಂದಳು ಮೆಲ್ಲಗೆ. "ಕೇಸು ನಿಲ್ಲೋದೇ ಅದರ ಮೇಲೆ. ನಿಮ್ಮ ಯಜಮಾನರು ನನ್ ಪಕ್ಕ ಕೂತು, ನಾನೇ ಇವಳ ತಲೆ ತೊಳೀತೀನಿ, ನಾನೇ ಅಡುಗೆ ಮಾಡ್ತೀನಿ ಅಂತ ಪ್ರಮಾಣ ಮಾಡಿ ಹೇಳ್ಬೇಕು. ನೆರೆಹೊರೆಯೋರು ಇಬ್ಬರು ಕಾಗದ ಬರೆದುಕೊಟ್ರೆ ಇನ್ನೂ ಒಳ್ಳೇದು. ಒಪ್ಪಿದ್ರೆ ನಾನು ಕೇಸು ತಗೋತೀನಿ."

ನೆರೆಹೊರೆಯವರು! ಲೂಡಿ ಕುರ್ಚಿಯ ತೋಳು ಹಿಡಿದು ಏಳತೊಡಗಿದಳು. ಯೋಚಿಸಿ ಹೇಳುತ್ತೇವೆಂದು ಎದ್ದರು. ಟ್ರಕ್ಕು ಸೇತುವೆ ದಾಟುವಾಗ ಹೋಬರ್ಟನೇ ಮಾತು ತೆಗೆದ.

"ನೀ ಹೂಂ ಅನ್ನು. ನಾ ಹೇಳ್ತೀನಿ."

"ಏನ್ ಹೇಳ್ತೀಯಾ?"

"ಅವಳು ಹೇಳು ಅಂದಿದ್ದನ್ನ."

"ನಾಳೆ ಆ ಬೆಂಚಿನೋರು ನಿನ್ನ ಮಿಸೆಸ್ ಹೋಬರ್ಟ್ ಅಂತಾರೆ."

ಅವನು ನಗಲು ನೋಡಿದ, ಆಗಲಿಲ್ಲ. "ಅಂದ್ರೆ ಅನ್ಲಿ," ಎಂದ. ಆದರೆ ಸ್ಟಿಯರಿಂಗ್ ಹಿಡಿದ ಅವನ ಕೈ ಬಿಗಿಯಾದದ್ದು ಅವಳಿಗೆ ಕಾಣಿಸಿತು. ಅಷ್ಟು ಸಾಕಾಯಿತು ಅವಳಿಗೆ. ಆ ಗಳಿಗೆಯಲ್ಲಿ ಅವಳು ತೀರ್ಮಾನ ಮಾಡಿಬಿಟ್ಟಳು. ಅವನನ್ನು ಒಂದು ಮಾತು ಹೆಚ್ಚು ಕೇಳಲೂ ಇಲ್ಲ, ಆ ಕೈ ಬಿಗಿಯಾದದ್ದು ನಾಚಿಕೆಗೋ ಹಟಕ್ಕೋ ಎಂದು ಯೋಚಿಸಲೂ ಇಲ್ಲ.

"ಆ ಹುಡುಗಿ ನಂಗೆ ಹಿಡಿಸ್ಲಿಲ್ಲ. ಹಾಲು ಕುಡಿಯೋ ಮಗು ಥರ ಇದಾಳೆ," ಎಂದಳು. "ಗೆದ್ರೆ ಬರೋ ಹಿಂಬಾಕೀಲಿ ಕಾಲುಭಾಗ ಅವಳಿಗೆ ಯಾಕೆ ಕೊಡ್ಬೇಕು? ನಂಗೇನು ಬಾಯಿಲ್ವಾ? ನನ್ ಬೆನ್ನಿನ ಎಕ್ಸ್‌ರೇ ಇದೆ, ಡಾಕ್ಟರ ಕಾಗದ ಇದೆ. ಜಡ್ಜ್‌ಗೆ ಕಣ್ಣಿಲ್ವಾ?"

ವಿಚಾರಣೆಯ ದಿನ ಹೋಬರ್ಟನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಅವಳೊಬ್ಬಳೇ ಒಳಗೆ ಹೋದಳು. ನಮ್ಮ ಕಡೆ ದೊಡ್ಡವರ ಮುಂದೆ ಕೊಳಕಾಗಿ ಹೋಗುವುದುಂಟೇ? ಚರ್ಚಿಗೆ ಹಾಕುವ ನೀಲಿ ಗೌನು, ಬಾಚಿ ಸುತ್ತಿಕಟ್ಟಿದ ತಲೆ. ಬೆಳಗಿನ ನೋವಿನ ಮಾತ್ರೆಯ ಜೊತೆ ಮಧ್ಯಾಹ್ನದ್ದನ್ನೂ ನುಂಗಿಕೊಂಡು, ಮುಲುಗದೆ ಕೂರಬೇಕೆಂದು ನೆಟ್ಟಗೆ ಕೂತಳು. ಜಡ್ಜ್ ವಯಸ್ಸಾದವರು, ಮಾತು ಮೆತ್ತಗೆ.

"ಹೇಗಿದೀರಮ್ಮಾ ಇವತ್ತು?"

"ಚೆನ್ನಾಗಿದೀನಿ ಸ್ವಾಮಿ. ದೇವರ ದಯೆ."

ನೋಡಿ, ನಾವು ಹುಟ್ಟಿದ್ದೇ ಹೀಗೆ. ಕಾಲು ಮುರಿದು ಬಿದ್ದಿದ್ದರೂ ಹೇಗಿದ್ದೀಯ ಎಂದರೆ ಚೆನ್ನಾಗಿದ್ದೇನೆ ಎನ್ನುತ್ತೇವೆ. ಆಮೇಲೆ ಬೆನ್ನಿನ ಮಾತು ಬಂತು, ಕೊಯ್ದದ್ದು ಬಂತು. ಅದನ್ನೂ ಅವಳು ಬೇರೆ ಯಾರದೋ ಬೆನ್ನೆಂಬಂತೆ ನಾಲ್ಕು ಮಾತಿನಲ್ಲಿ ಮುಗಿಸಿದಳು. ಕೊನೆಗೆ ಜಡ್ಜ್ ಅದನ್ನೇ ಕೇಳಿದರು.

"ಮನೆ ಕೆಲಸ ಯಾರು ಮಾಡ್ತಾರೆ?"

"ನಾನೇ ಸ್ವಾಮಿ."

"ಅಡುಗೆ, ಬಟ್ಟೆ, ಎಲ್ಲಾನೂ? ಯಾರೂ ಸಹಾಯ ಮಾಡಲ್ವಾ?"

ಲೂಡಿ ಬಾಗಿಲ ಕಡೆ ನೋಡಿದಳು. ಅದು ಸ್ವಲ್ಪ ತೆರೆದೇ ಇತ್ತು. ಆಚೆ ಬೆಂಚಿನ ಮೇಲೆ ಹೋಬರ್ಟ್ ಮಾತ್ರವಲ್ಲ, ತಮ್ಮ ಸರದಿಗೆ ಕಾದಿದ್ದ ನಮ್ಮ ಜನ ಇನ್ನೂ ಇಬ್ಬರು ಮೂವರಿದ್ದರು.

"ನನ್ ಗಂಡ ಇವತ್ತಿನವರೆಗೂ ಒಂದು ಲೋಟ ತೊಳೆದವನಲ್ಲ ಸ್ವಾಮಿ," ಎಂದಳು, ಎಲ್ಲರಿಗೂ ಕೇಳುವಂತೆ.

ಜಡ್ಜ್ ಮುಂದಿದ್ದ ಡಾಕ್ಟರ ಕಾಗದವನ್ನು ಮತ್ತೆ ತಿರುವಿದರು. "ಯೋಚನೆ ಮಾಡಿ ಹೇಳಿ ಅಮ್ಮಾ. ನಿಮ್ಮ ಯಜಮಾನರು ಬಂದಿದ್ರೆ ಅವರನ್ನೂ ಕೇಳಬಹುದು."

"ಬೇಡ ಸ್ವಾಮಿ. ಅವನಿಗೇನು ಗೊತ್ತು ಅಡುಗೆಮನೆ ವಿಷಯ?"

ತೀರ್ಪು ಬಂದಾಗ ಅದರಲ್ಲಿ ಅವಳ ಮಾತೇ ಇತ್ತು. ಯಾರ ನೆರವೂ ಇಲ್ಲದೆ ಮನೆಯ ಎಲ್ಲ ಕೆಲಸ ಮಾಡಬಲ್ಲವರು ಕೂತು ಮಾಡುವ ಹಗುರ ಕೆಲಸವನ್ನೂ ಮಾಡಬಲ್ಲರು, ಅರ್ಜಿ ತಿರಸ್ಕರಿಸಲಾಗಿದೆ ಎಂದಿತ್ತು. ಹೋಬರ್ಟ್ ಅವಳನ್ನು ಟ್ರಕ್ಕಿನಲ್ಲಿ ಕೂರಿಸಿಕೊಂಡು ಸೀದಾ ರೆನಾ ಟ್ಯಾಕೆಟ್ ಹತ್ತಿರ ಹೋದ. ತೀರ್ಪನ್ನು ಅವಳ ಮೇಜಿನ ಮೇಲಿಟ್ಟು ನಿಂತೇ ಮಾತಾಡಿದ.

"ಬರ್ಕೊಳ್ಳಿ. ಇವಳ ತಲೆ ನಾ ತೊಳೀತೀನಿ. ಕಾಲುಚೀಲ ನಾ ಹಾಕ್ತೀನಿ. ಬಚ್ಚಲಿಗೆ ನಾ ಕರ್ಕೊಂಡು ಹೋಗ್ತೀನಿ, ಅಲ್ಲಿಂದ ನಾನೇ ಎತ್ಕೊಂಡು ಬರ್ತೀನಿ. ರೊಟ್ಟಿ ನಾ ಸುಡ್ತೀನಿ, ಇವಳ ಒಳಬಟ್ಟೆ ನಾ ಒಗೀತೀನಿ. ರಾತ್ರಿ ಮಗ್ಗಲು ಬದಲಾಯಿಸೋಕೂ ನಾನೇ ಬೇಕು. ಎಲ್ಲಿ ಬೇಕಾದ್ರೂ ಹೇಳ್ತೀನಿ. ಆ ಮೇವಿನ ಅಂಗಡಿ ಬೆಂಚಿನ ಮೇಲೆ ಹತ್ತಿ ನಿಂತು ಹೇಳ್ತೀನಿ."

ಅವನು ಹೇಳುತ್ತಾ ಹೋದಂತೆ ಲೂಡಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ಯಾವ ಮಾತು ಹೊರಬಿದ್ದರೆ ಗಂಡ ನಾಚಿಕೆಯಿಂದ ನೆಲಕ್ಕಿಳಿದು ಹೋಗುತ್ತಾನೆಂದು ಹೆದರಿದ್ದಳೋ, ಅದನ್ನು ಅವನು ಒಂದೇ ಉಸಿರಿನಲ್ಲಿ ಹೇಳಿ ಗಟ್ಟಿಯಾಗಿ ನಿಂತಿದ್ದ. ರೆನಾ ಪೆನ್ನು ಕೈಗೆತ್ತಿಕೊಳ್ಳಲಿಲ್ಲ.

"ಮಿಸ್ಟರ್ ಕಾಡಿಲ್, ಈಗ ನೀವು ಹೀಗಂದ್ರೆ, ಅವತ್ತು ಪ್ರಮಾಣ ಮಾಡಿ ನಿಮ್ಮ ಹೆಂಡತಿ ಹೇಳಿದ್ದು ಸುಳ್ಳಾ ಅಂತ ಮೊದಲು ಕೇಳ್ತಾರೆ. ಈ ಜಡ್ಜ್‌ಗಿಂತ ಮೇಲಿನೋರಿಗೆ ಬೇಕಾದ್ರೆ ಬರೀಬಹುದು. ಆದ್ರೆ ಅವರು ನೋಡೋದೂ ಅವತ್ತು ಇವರು ಹೇಳಿದ ಮಾತನ್ನೇ. ಹೊಸ ಅರ್ಜಿ ಹಾಕೋಣ ಅಂದ್ರೆ ಕೆಲಸ ಬಿಟ್ಟ ಇಂತಿಷ್ಟು ವರ್ಷದೊಳಗೇ ಹಾಕ್ಬೇಕು, ಇವರಿಗೆ ಆ ಗಡುವು ದಾಟಿಹೋಗಿದೆ. ನನ್ ಕೈಲಿ ಆಗಲ್ಲ." ಅವಳಿಗೂ ಕಣ್ಣು ತುಂಬಿತ್ತು. "ಅವತ್ತು ನೀವಿದನ್ನ ಹೇಳಿದ್ರೆ ಸಾಕಿತ್ತು."

ಹೋಬರ್ಟ್ ಓಹಾಯೊಗೆ ಹೊರಟ. ಹೋಗುವ ಮುನ್ನ ಲೂಡಿಯ ಕೈಗೆಟಕುವಂತೆ ಎಲ್ಲವನ್ನೂ ಎತ್ತರದ ಕಪಾಟಿನಿಂದ ಇಳಿಸಿಟ್ಟ. ಬೀನ್ಸ್ ಬೇಯಿಸಿ ಡಬ್ಬಿ ಡಬ್ಬಿ ತುಂಬಿಟ್ಟ. "ಯಾಕೆ ಹಾಗಂದೆ?" ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಡಬ್ಬಿಗಳು ಮುಗಿದ ವಾರ ಡೆಲ್ಫಿ ಬಂದಳು. ಬಾಗಿಲು ತಟ್ಟಿದರೂ ಲೂಡಿ ಈ ಸಲ ಮಂಚದಿಂದ ಏಳಲಿಲ್ಲ. ಎದ್ದು ಯಾರಿಗೆ ತೋರಿಸಬೇಕು? ಮನೆ ವಾಸನೆ ಹೊಡೆಯುತ್ತಿತ್ತು, ಅವಳ ತಲೆ ಜಡೆಗಟ್ಟಿತ್ತು.

"ಅತ್ತಿಗೆ," ಎಂದಳು ಲೂಡಿ, ಗೋಡೆಯ ಕಡೆ ಮುಖ ಮಾಡಿಕೊಂಡೇ. "ನನ್ ತಲೆ ಸ್ವಲ್ಪ ತೊಳೀತೀರಾ? ನನ್ ಕೈಲಿ ಆಗಲ್ಲ. ಯಾವತ್ತೂ ಆಗ್ತಿರ್ಲಿಲ್ಲ. ಹೋಬರ್ಟ್ ತೊಳೀತಿದ್ದ. ಅಡುಗೇನೂ ಅವನೇ ಮಾಡ್ತಿದ್ದ."

ಡೆಲ್ಫಿ ಬಕೆಟ್ಟಿಗೆ ಬಿಸಿನೀರು ಬಿಡುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

"ಅದೇನು ಹೊಸದು ಹೇಳ್ತಿದೀಯೇ? ಚರ್ಚಿನ ಊಟಕ್ಕೆ ನಿನ್ ಮನೆಯಿಂದ ಬರ್ತಿದ್ದ ಬೀನ್ಸಿಗೆ ಉಪ್ಪು ಹಾಕಿದ ಕೈ ನಿಂದಲ್ಲ ಅಂತ ಮೊದಲ್ನೇ ತುತ್ತಿಗೇ ಎಲ್ರಿಗೂ ಗೊತ್ತಾಗಿತ್ತು. ಗಂಡಸರಿಗೂ ಗೊತ್ತಿತ್ತು."

"ಬೆಂಚಿನ ಮೇಲೆ..." ಲೂಡಿ ಗೋಡೆಯಿಂದ ಮುಖ ತಿರುಗಿಸಿದಳು. "ಏನಂತಿದ್ರು?"

"ಏನಂತಾರೆ? ಪುಣ್ಯವಂತೆ ಲೂಡಿ, ಅಂಥ ಗಂಡ ಸಿಕ್ಕಿದಾನೆ ಅಂತಿದ್ರು. ನೀವಿಬ್ರೂ ಮುಚ್ಚಿಡ್ತಿದ್ರಲ್ಲ, ನೊಂದ್ಕೋತೀರಿ ಅಂತ ಯಾರೂ ನಿಮ್ಮೆದುರು ಎತ್ತಲಿಲ್ಲ ಅಷ್ಟೇ. ಒಂದು ಮಾತು ಕೇಳಿದ್ರೆ ಇಡೀ ಕಣಿವೆ ಬಂದು ಜಡ್ಜ್ ಮುಂದೆ ಹೇಳ್ತಿತ್ತು." ಡೆಲ್ಫಿ ಬಕೆಟ್ಟನ್ನು ಮಂಚದ ಪಕ್ಕಕ್ಕೆ ಎಳೆದು ಅವಳ ಕುತ್ತಿಗೆಯ ಕೆಳಗೆ ಟವೆಲ್ ಇಟ್ಟಳು. "ತಲೆ ಈ ಕಡೆ ಚಾಚು. ನೀರು ಸುಡುತ್ತಾ ಹೇಳು."

ಲೂಡಿ ಏನೂ ಹೇಳಲಿಲ್ಲ. ನೀರು ಸುಡುತ್ತಿತ್ತು, ಆದರೂ ಹೇಳಲಿಲ್ಲ.