ನೋಯದ ಎರಡು ಬೆರಳು

ಗಿಟಾರು ಕಲಿಯಲು ಕೂತವರಿಗೆ ಮೊದಮೊದಲು ಎಡಗೈ ಬೆರಳು ನೋಯುತ್ತವೆ. ತಂತಿ ಒತ್ತುವ ನನ್ನ ನಾಲ್ಕು ಬೆರಳುಗಳಲ್ಲಿ ಎರಡು ನೋಯಲಿಲ್ಲ. ಅದನ್ನು ನಾನು ಒಳ್ಳೆಯ ಸುದ್ದಿ ಎಂದುಕೊಂಡೆ.

ನನ್ನ ಕೆಲಸ ಪುಣೆಯ ಮಗರಪಟ್ಟಾದಲ್ಲಿ, ಒಂದು ಸುದ್ದಿ ವೆಬ್‌ಸೈಟಿನ ಡೆಸ್ಕಿನಲ್ಲಿ. ದಿನವಿಡೀ ಬೇರೆಯವರ ವಾಕ್ಯ ತಿದ್ದುವವನಿಗೆ ವಾರದ ರಜೆಯಲ್ಲಿ ಬಾಲ್ಕನಿಯಲ್ಲಿ ಕೂತು ಒಂದೆರಡು ಹಳೆಯ ಹಾಡು ನುಡಿಸಿಕೊಂಡರೆ ಸಾಕಿತ್ತು. ಹೀಗಾಗಿ ಅಗ್ಗದ ಗಿಟಾರೇ ಬೇಕಿತ್ತು. ಪುಣೆ ಕ್ಯಾಂಪಿನ ಹಳೆಯ ವಾದ್ಯಗಳ ಅಂಗಡಿಯಲ್ಲಿ ಒಂದನ್ನು ಹಿಡಿದು, ಇದಕ್ಕಿಂತ ಅಗ್ಗದ್ದು ಇದೆಯೇ ಎಂದು ಕೇಳಿದೆ. ಅಂಗಡಿಯವರು ಮಕ್ಕಳ ಪ್ಲಾಸ್ಟಿಕ್ ಗಿಟಾರಿನ ಕಡೆ ಗದ್ದ ಎತ್ತಿ ತೋರಿಸಿದರು.

ದುಡ್ಡು ತೆಗೆದುಕೊಳ್ಳುವ ಮೊದಲು ಅವರು ಮರಾಠಿಯಲ್ಲಿ ಎಚ್ಚರಿಕೆ ಕೊಟ್ಟರು. ಅಗ್ಗದ ಗಿಟಾರಿನಲ್ಲಿ ತಂತಿಗಳು ಮರದಿಂದ ಮೇಲಕ್ಕಿರುತ್ತವೆ, ಜೋರಾಗಿ ಒತ್ತಬೇಕು, ಬೆರಳ ತುದಿ ಉರಿಯುತ್ತದೆ. ಬಹಳ ಜನ ಆ ಉರಿಗೇ ಸೋತು ಗಿಟಾರನ್ನು ವಾಪಸು ಮಾರಲು ಬರುತ್ತಾರಂತೆ. ಅಂಥವು ಅವರ ಹಿಂದಿನ ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದವು.

ನಮ್ಮ ಬಾಡಿಗೆ ಮನೆ ಖಡಕಿಯಲ್ಲಿ. ಹೆಂಡತಿ ವಿಜಯಪುರದ ಕಡೆಯವಳು. ಬಾಗಿಲಲ್ಲಿ ನನ್ನನ್ನೂ ಆ ಕಪ್ಪು ಚೀಲವನ್ನೂ ನೋಡಿ, "ಬೆಂಡಿಕಾಯಿ ತರ್ರಿ ಅಂದಿದ್ದೆ," ಎಂದಷ್ಟೇ ಹೇಳಿ ಒಳಗೆ ಹೋದಳು.

ತೋರುಬೆರಳು, ನಡುಬೆರಳು ಅಂಗಡಿಯವರು ಹೇಳಿದಂತೆಯೇ ಉರಿದವು. ಉಂಗುರ ಬೆರಳಿಗೂ ಕಿರುಬೆರಳಿಗೂ ಏನೂ ಆಗಲಿಲ್ಲ. ತಂತಿಯ ಗುರುತು ಮೂಡುತ್ತಿತ್ತು, ಅಷ್ಟೇ. ಡೆಸ್ಕಿನಲ್ಲಿ ನನ್ನ ಪಕ್ಕ ಕೂರುವ ಬೆಂಗಳೂರಿನ ಸಹೋದ್ಯೋಗಿ ಕಾಲೇಜಿನಲ್ಲಿ ಗಿಟಾರು ನುಡಿಸಿದವಳು. ಅವಳ ಮುಂದೆ ಕೊಚ್ಚಿಕೊಂಡೆ. ಅವಳು ನಕ್ಕಳು.

"ಸರ್, ನೋಯ್ತಿಲ್ಲ ಅಂದ್ರೆ ನೀವು ಸರಿಯಾಗಿ ಪ್ರೆಸ್ ಮಾಡ್ತಿಲ್ಲ."

ಮಾತು ತರ್ಕಬದ್ಧವಾಗಿತ್ತು. ಆ ಎರಡು ಬೆರಳುಗಳ ಸ್ವರ ಮಂಕಾಗಿ ಬರುತ್ತಿದ್ದುದೂ ನಿಜ. ಅಂದಿನಿಂದ ಅವನ್ನು ಹೆಚ್ಚು ಒತ್ತತೊಡಗಿದೆ. ನೋವು ಬರುವವರೆಗೆ ಒತ್ತಬೇಕು ಎಂಬುದು ನನ್ನ ಲೆಕ್ಕ. ನೋವು ಬರಲಿಲ್ಲ.

ಒಂದು ರಜೆಯ ದಿನ ಹೆಂಡತಿ ಬಾಲ್ಕನಿ ಗುಡಿಸಲು ಬಂದವಳು, ಕುರ್ಚಿಗೆ ಒರಗಿಸಿಟ್ಟಿದ್ದ ಗಿಟಾರನ್ನು ಎತ್ತಿ ಪಕ್ಕಕ್ಕಿಡಲು ಹೋಗಿ ನಿಂತಳು. ಕೊರಳಿನ ಮರದ ಮೇಲೆ, ತಂತಿಗಳ ಕೆಳಗೆ, ಕಂದು ಬಣ್ಣದ ಕಲೆ ಒಣಗಿತ್ತು.

"ಇದು ಯಾರ ರಕ್ತರೀ?"

ನನಗೆ ಗೊತ್ತಿಲ್ಲ ಎಂದೆ. ಸುಳ್ಳು ಹೇಳಲಿಲ್ಲ. ನಾವಿಬ್ಬರೂ ಒಟ್ಟಿಗೇ ನನ್ನ ಕೈ ನೋಡಿದೆವು. ಉಂಗುರ ಬೆರಳಿನ ತುದಿಯಲ್ಲಿ ಚರ್ಮ ಸೀಳಿ ತೆರೆದುಕೊಂಡಿತ್ತು.

ಅವಳು ಬೈಯಲಿಲ್ಲ. ನನ್ನನ್ನು ಕೂರಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಸೀರೆಯ ಪಿನ್ನು ತೆಗೆದಳು. ನಡುಬೆರಳಿಗೆ ಚುಚ್ಚಿದಾಗ ಕೈ ಹಿಂದಕ್ಕೆಳೆದುಕೊಂಡೆ. ಆಮೇಲೆ ಏನೂ ಆಗಲಿಲ್ಲ. ನಾನು ಕಾದೆ.

"ಚುಚ್ಚು ಮತ್ತ, ಯಾಕ ನಿಂತಿ?"

"ಚುಚ್ಚಾಕತ್ತೀನ್ರಿ," ಎಂದಳು.

ಕಣ್ಣು ತೆರೆದೆ. ಕಿರುಬೆರಳಿನಲ್ಲಿ ರಕ್ತದ ಸಣ್ಣ ಹನಿಗಳಿದ್ದವು. ಅವಳು ಪಿನ್ನು ಕೆಳಗಿಟ್ಟು, ಸೆರಗಿನಿಂದ ಅವನ್ನು ಒರೆಸಿದಳು.

ಕ್ಯಾಂಪಿನ ಚರ್ಮದ ಡಾಕ್ಟರು ಹತ್ತಿಯ ಎಳೆಯಿಂದ ಬೆರಳು ಮುಟ್ಟಿ, ನಾನು ಕಣ್ಣು ಮುಚ್ಚಿಕೊಂಡು ಉತ್ತರಿಸುತ್ತಿದ್ದುದನ್ನು ಗಮನಿಸಿದರು. ನಂತರ ಮೊಣಕೈ ಒಳಬದಿಯನ್ನು ಒತ್ತಿದರು. ಅಲ್ಲಿ ಚರ್ಮದಡಿ ಒಂದು ನರ ಹಗ್ಗದಂತೆ ದಪ್ಪಗಾಗಿ ಹೊರಳುತ್ತಿತ್ತು. ಮುಂಗೈಯ ಮೇಲೊಂದು ಮಸುಕು ಕಲೆ ಇತ್ತು. ಬಿಸಿಲಲ್ಲಿ ಬೈಕು ಓಡಿಸಿ ಹಾಗಾಗಿದೆ ಎಂದು ಅದನ್ನು ಬಿಟ್ಟಿದ್ದೆ. ಅದರ ಮೇಲೆ ಕೂದಲು ಬೆಳೆದಿರಲಿಲ್ಲ. ಚರ್ಮದ ಪರೀಕ್ಷೆ ಮುಗಿದ ಮೇಲೆ ಅವರು ದನಿ ತಗ್ಗಿಸದೆ ಕುಷ್ಠ ಎಂದರು. ಮಾತ್ರೆ ತೆಗೆದುಕೊಂಡರೆ ರೋಗ ನಿಲ್ಲುತ್ತದೆ, ಇನ್ನೊಬ್ಬರಿಗೆ ಹರಡುವ ಭಯವೂ ಬೇಗ ಹೋಗುತ್ತದೆ, ಮನೆಯವರೂ ಒಮ್ಮೆ ತೋರಿಸಿಕೊಳ್ಳಲಿ ಎಂದರು. ಎರಡು ಬೆರಳಿನ ಸ್ಪರ್ಶ ಮರಳುತ್ತದೆಯೇ ಎಂದು ಕೇಳಿದೆ. ಮಾತು ಕೊಡಲಾರೆ ಎಂದರು. ಚಿಕಿತ್ಸೆ ನಡೆಯುತ್ತಿರುವಾಗಲೂ ಕೆಲವೊಮ್ಮೆ ನರ ಬಾತು ಇನ್ನಷ್ಟು ಸ್ಪರ್ಶ ಹೋಗಬಹುದು. ಹಾಗಾಗಿ ಉಳಿದ ಬೆರಳುಗಳ ಮೇಲೆ ಕಣ್ಣಿಡಿ, ಬದಲಾವಣೆ ಕಂಡರೆ ಅದೇ ದಿನ ಬನ್ನಿ ಎಂದರು.

ಈ ರೋಗದ ಬಗ್ಗೆ ಆರೋಗ್ಯ ಇಲಾಖೆಯ ಪ್ರಕಟಣೆ ಡೆಸ್ಕಿಗೆ ವರ್ಷ ವರ್ಷ ಬರುತ್ತದೆ. ಬಣ್ಣ ಕಳೆದುಕೊಂಡ ಕಲೆ, ಸ್ಪರ್ಶ ತಿಳಿಯದ ಚರ್ಮ. ಆ ಪದಗಳನ್ನು ನಾನೇ ತಿದ್ದಿ ಜೋಡಿಸಿದ್ದೇನೆ. ಸ್ನಾನ ಮಾಡುವಾಗ ದಿನವೂ ಕಾಣುತ್ತಿದ್ದ ಕಲೆಗೆ ಅವನ್ನು ಒಂದು ಸಲವೂ ಹೊಂದಿಸಿ ನೋಡಲಿಲ್ಲ.

ಆಟೋದಲ್ಲಿ ಬರುವಾಗ ಹೆಂಡತಿ, ಊರಿಗೆ ಫೋನು ಮಾಡಿ ಹೇಳುವುದು ಬೇಡ ಎಂದಳು. ಸ್ವಲ್ಪ ದೂರ ಹೋದ ಮೇಲೆ, ಮನೆ ಓನರ್‌ಗೂ ಬೇಡ ಎಂದಳು. ಕೈ ಹಿಡಿದುಕೊಂಡೇ ಇದ್ದಳು. ಹಿಡಿದಿದ್ದು ಎಡಗೈ. ಯಾವ ಬೆರಳನ್ನು ಅದುಮುತ್ತಿದ್ದಾಳೆ ಎಂದು ನೋಡಿ ತಿಳಿದುಕೊಳ್ಳಬೇಕಾಯಿತು.

ಗಿಟಾರನ್ನು ವಾಪಸು ಕೊಡಲಿಲ್ಲ. ಹಾಡು ನಿಂತಿದೆ. ಬೆಳಿಗ್ಗೆ ಮಾತ್ರೆ ನುಂಗಿ ಬಾಲ್ಕನಿಗೆ ಹೋಗಿ, ಅತಿ ತೆಳುವಾದ ತಂತಿಯ ಮೇಲೆ ತೋರುಬೆರಳನ್ನು ಒತ್ತುತ್ತೇನೆ, ಆಮೇಲೆ ನಡುಬೆರಳನ್ನು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ.

"ನೋಯ್ತೇನ್ರಿ?"

ನೋಯ್ತು ಎನ್ನುತ್ತೇನೆ. ರೊಟ್ಟಿಯ ಸದ್ದು ಮತ್ತೆ ಶುರುವಾಗುತ್ತದೆ.

ಇವತ್ತು ತೋರುಬೆರಳು ಎಂದಿನಂತೆ ನೊಂದಿತು. ನಡುಬೆರಳನ್ನು ಒತ್ತಿದೆ. ತುದಿಯಲ್ಲಿ ಬಿಳಿ ಗೆರೆ ಮೂಡಿತು. ಬೆರಳೆತ್ತಿ, ಅದೇ ಜಾಗಕ್ಕೆ ಇನ್ನೊಮ್ಮೆ ಒತ್ತಿದೆ. ರೊಟ್ಟಿಯ ಸದ್ದು ಆಗಲೇ ನಿಂತಿತ್ತು. ಅವಳು ಕೇಳಿದಳು. ನಾನು ಇನ್ನೂ ಒತ್ತುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಅವಳು ಎರಡನೆಯ ಸಲ ಕೇಳಿದಳು.