ಓಟದ ಮಾಸ್ತರರು ಮತ್ತು ಮೆಣಸಿನಕಾಯಿ ಘಾಟು

ಇವತ್ತು ಬೆಳಿಗ್ಗೆ ಹಾಲು ಕಾಯಿಸಿ, ಯಜಮಾನರ ಡಬ್ಬಿಗೆ ರೊಟ್ಟಿ ಕಟ್ಟಿ, ವರ್ಷದ ಖಾರಪುಡಿಗೆಂದು ಮೆಣಸಿನಕಾಯಿ ಹುರಿಯಲು ನಿಂತೆ. ಮೊದಲ ಹಿಡಿ ಬಾಣಲೆಗೆ ಬಿದ್ದದ್ದೇ ತಡ, ಘಾಟು ಮೂಗಿಗೇರಿ ಕೆಮ್ಮು ಬಂತು. ಕೆಮ್ಮಿನ ಹಿಂದೆಯೇ ಅವರೂ ನೆನಪಿಗೆ ಬಂದರು... ಮಗಳ ಓಟದ ಮಾಸ್ತರರು.

ಮಗಳಿಗೆ ಆಗ ಹದಿನಾಲ್ಕು. ಎಂಟುನೂರು ಮೀಟರ್ ಓಡುತ್ತಿದ್ದಳು. ನಸುಕಿನಲ್ಲಿ ಒಮ್ಮೆ, ಶಾಲೆ ಬಿಟ್ಟ ಮೇಲೆ ಒಮ್ಮೆ, ಭಾನುವಾರವೂ ಬಿಡುವಿಲ್ಲ. ಮಾಸ್ತರರು ಬೇವಿನ ನೆರಳು ಸರಿದ ಹಾಗೆ ಕುರ್ಚಿ ಸರಿಸಿಕೊಳ್ಳುತ್ತ, ಕೂತಲ್ಲಿಂದಲೇ ಸೀಟಿ ಊದುತ್ತಿದ್ದರು. ಅವರು ಓಡಿದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ. ಮಳೆಹನಿ ಬಿದ್ದಾಗ, ತಮ್ಮ ಸ್ಕೂಟರಿನ ಸೀಟು ಮುಚ್ಚಲು.

ಆ ಚಳಿಗಾಲ ಮಗಳ ಗಂಟಲು ಕೆಟ್ಟಿತು. ವಾಸಿಯಾಯಿತು, ಮತ್ತೆ ಕೆಟ್ಟಿತು. ಬಿಡದ ಕೆಮ್ಮು, ಬಾಯಲ್ಲಿ ಹುಣ್ಣು, ಸಂಜೆಯಾದರೆ ಮೈ ಬೆಚ್ಚಗೆ. ನಾಲ್ಕು ದಿನ ಬಿಡುವು ಕೊಡಿ ಎಂದು ಮೈದಾನಕ್ಕೇ ಹೋಗಿ ಕೇಳಿದೆ. ನಮ್ಮ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಬರುವ ಕಾಲ. ಊರಿಗೆ ಊರೇ ಕೆಮ್ಮುತ್ತಿತ್ತು. ಮಾಸ್ತರರು ನಕ್ಕರು.

“ಬ್ಯಾಡಗ್ಯಾಗ ಹುಟ್ಟಿ ಕೆಮ್ಮಬಾರ್ದಂದ್ರ ಹೆಂಗ್ರಿ ಅಕ್ಕಾರ? ಘಾಟು ಅಷ್ಟ. ಇನ್ನೆರಡು ಸುತ್ತು ಓಡಿದ್ರ ಹೋಗ್ತೈತಿ.”

ಇದನ್ನು ಹೇಳುವಾಗ ಅವರ ಮೂಗಿಗೆ ಇಸ್ತ್ರಿ ಮಾಡಿದ ಕರ್ಚೀಫು ಅಡ್ಡವಿತ್ತು. ಎರಡು ಸೀನು ಬಂದರೆ ಎರಡು ದಿನ ರಜೆ ಹಾಕುವ ಮನುಷ್ಯ.

ಆದರೂ ನಂಬಿದೆ. ಈ ಊರಲ್ಲಿ ಕೆಮ್ಮಿಗೆ ಬೇರೆ ಕಾರಣ ಹುಡುಕುವ ರೂಢಿ ನಮಗಿಲ್ಲ.

ಶಿವರಾತ್ರಿಗೆ ಕರ್ಜಗಿಯ ತವರಿಗೆ ಹೋದೆವು. ಅಲ್ಲಿ ಚೀಲಗಳಿಲ್ಲ, ಘಾಟಿಲ್ಲ... ಮಗಳು ಮಾತ್ರ ಕೆಮ್ಮುತ್ತಲೇ ಇದ್ದಳು. ನನಗೆ ಅಂದೇ ತಿಳಿಯಿತು. ಆದರೆ ಮರುವಾರ ಹಾವೇರಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ಮಾಸ್ತರರು ಫೋನ್ ಮಾಡಿ, ಈಗ ಬಿಟ್ಟರೆ ತಮ್ಮ ಎರಡು ವರ್ಷದ ಶ್ರಮ ಮಣ್ಣುಪಾಲು ಎಂದರು. ತಮ್ಮ ಶ್ರಮವಂತೆ. ನಾನೇ ಮಗಳ ಬೂಟನ್ನು ಚೀಲಕ್ಕೆ ಹಾಕಿದೆ. ಅದೊಂದನ್ನು ಅವರ ತಲೆಗೆ ಕಟ್ಟಲಾರೆ.

ಹಾವೇರಿಯಲ್ಲಿ ಕೊನೆಯ ತಿರುವಿನ ಹತ್ತಿರ ಅವಳು ನಿಂತುಬಿಟ್ಟಳು. ಮೊಣಕಾಲು ಹಿಡಿದು ಬಗ್ಗಿದಳು. ಮಾಸ್ತರರು ನೋಡಿದ್ದು ಕೈಯಲ್ಲಿದ್ದ ಸ್ಟಾಪ್‌ವಾಚನ್ನು. ಅಲ್ಲಿಂದ ನೇರ ರಾಣೆಬೆನ್ನೂರಿಗೆ ಕರೆದೊಯ್ದೆವು. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ನ್ಯುಮೋನಿಯಾ ಎಂದರು.

“ಓಡಿದ್ದು ತಪ್ಪಲ್ರಿ. ಮೈ ಸುಧಾರಿಸ್ಕೊಳ್ಳಾಕ ಬಿಡದ ದಿನಾ ಹಿಂಡಿದ್ರ, ರೋಗದ ಜೋಡಿ ಹೊಡದಾಡಾಕ ಏನ ಉಳೀತೈತಿ?”

ಮಗಳು ಗುಣವಾದಳು. ಮತ್ತೆ ಓಡಲಿಲ್ಲ. ಬೂಟು ಇನ್ನೂ ಅಟ್ಟದ ಮೇಲಿದೆ, ಒಂದರ ಲೇಸು ಕಟ್ಟಿದಂತೆಯೇ... ಮಾಸ್ತರರು ಹೋದ ವರ್ಷ ತೀರಿಕೊಂಡರು. ಸತ್ತವರನ್ನು ಹಳಿಯಬಾರದೆಂದು ಕಾನ್ವೆಂಟಿನ ಸಿಸ್ಟರ್ ನಮಗೆ ಕಲಿಸಿದ್ದರು. ಹಳಿಯುತ್ತಿಲ್ಲ ಸಿಸ್ಟರ್, ಕಂಡದ್ದನ್ನು ಬರೆಯುತ್ತಿದ್ದೇನೆ.

ಸಂಜೆ ಪಕ್ಕದ ಮನೆಯವರು ಜರಡಿ ಕೇಳಲು ಬಂದರು. ಅವರ ಮೊಮ್ಮಗಳು ಈಗ ಅದೇ ಮೈದಾನದಲ್ಲಿ ಎರಡು ಹೊತ್ತೂ ಓಡುತ್ತಾಳೆ. ಹದಿನೈದು ದಿನದಿಂದ ಅವಳ ಕೆಮ್ಮು ನಮ್ಮ ಅಡುಗೆಮನೆಗೂ ಕೇಳಿಸುತ್ತಿದೆ. ಡಾಕ್ಟರಿಗೆ ತೋರಿಸಿದಿರಾ, ಎಂದೆ. ಅವರು ಜರಡಿಯನ್ನು ಬೆಳಕಿಗೆ ಹಿಡಿದು ತೂತು ನೋಡುತ್ತ ಅಂದರು:

“ಅದಕ್ಯಾಕ್ರಿ ಡಾಕ್ಟರು? ಮುಂಜಾನೆ ನೀವ ಮೆಣಸಿನಕಾಯಿ ಹುರದ್ರಲ್ಲ, ಅದರ ಘಾಟು ಅಷ್ಟ.”